ಡೊಳ್ಳು ನಮ್ಮದು, ಬೀಗದ ಕೈ ಯಾರದು?

ಡೊಳ್ಳು ಕಟ್ಟಿದವರು ನಮ್ಮೂರಿನವರು. ಬಾರಿಸಿದ ಕೈಯೂ ನಮ್ಮೂರಿನದೇ. ಆದರೆ ಅದರ ಸದ್ದು ಒಮ್ಮೆ ಕಂಪ್ಯೂಟರಿನೊಳಗೆ ಹೋಗಿ ಕೂತಿತೆಂದರೆ ಬೀಗದ ಕೈ ಮಾತ್ರ ಎಲ್ಲೋ ಇರುವ ಕಂಪನಿಯವರ ಸೊಂಟದಲ್ಲಿ. ಇದನ್ನು ನಾವು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ. ಯಾಕೆ ಅಂತ ಹೇಳುವುದಕ್ಕೇ ಈ ಬರಹ.

ನಿಮ್ಮೂರ ಜಾತ್ರೆಗೆ, ಗಣೇಶನ ಹಬ್ಬಕ್ಕೆ ಬರುವ ರಸಮಂಜರಿ ತಂಡವನ್ನು ಒಮ್ಮೆ ಗಮನಿಸಿ. ಎಷ್ಟೋ ತಂಡಗಳ ವೇದಿಕೆ ಮೇಲೆ ತಮಟೆ ಇರುವುದಿಲ್ಲ, ಡೊಳ್ಳು ಇರುವುದಿಲ್ಲ, ಶಹನಾಯಿಯೂ ಇರುವುದಿಲ್ಲ. ಇರುವುದು ಒಂದು ಕೀಬೋರ್ಡ್, ಒಂದು ಪ್ಯಾಡ್. ಆದರೂ ಎಲ್ಲ ಸದ್ದೂ ಬರುತ್ತದೆ. ಸಿನಿಮಾ ಹಾಡಿನ ಸ್ಟುಡಿಯೋದಲ್ಲೂ ಇದೇ ಕತೆ. ಯಾವತ್ತೋ ಯಾರೋ ಬಾರಿಸಿದ ಪೆಟ್ಟನ್ನು ರೆಕಾರ್ಡ್ ಮಾಡಿಟ್ಟುಕೊಂಡು, ಬೇಕಾದಾಗ ಒಂದು ಗುಂಡಿ ಒತ್ತಿ ನುಡಿಸುತ್ತಾರೆ. ಆ ಒಂದೊಂದು ತುಣುಕಿಗೆ ಸ್ಯಾಂಪಲ್ ಅಂತ ಹೆಸರು. ತುಣುಕುಗಳನ್ನೆಲ್ಲ ಜೋಡಿಸಿ ಮಾಡಿದ್ದಕ್ಕೆ ವರ್ಚುವಲ್ ವಾದ್ಯ ಅನ್ನುತ್ತಾರೆ.

ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ತಕರಾರು ಕೀಬೋರ್ಡಿನ ಮೇಲಲ್ಲ, ಆ ಸದ್ದನ್ನು ತುಂಬಿಡುವ ಡಬ್ಬಿಯ ಮೇಲೆ.

ಡಬ್ಬಿಯೊಳಗೆ ಏನಿದೆ?

ಒಂದು ಡೊಳ್ಳನ್ನು ಸರಿಯಾಗಿ ಸ್ಯಾಂಪಲ್ ಮಾಡಬೇಕು ಅಂದುಕೊಳ್ಳಿ. ಒಂದು ಕಡೆ ಕೋಲಿನ ಪೆಟ್ಟು, ಇನ್ನೊಂದು ಕಡೆ ಬರಿಗೈ ಪೆಟ್ಟು. ಬಿಟ್ಟು ಹೊಡೆದರೆ ಒಂದು ಸದ್ದು, ಹೊಡೆದು ಅದುಮಿ ಹಿಡಿದರೆ ಇನ್ನೊಂದು. ಹೀಗೆ ನಾಲ್ಕು ಬಗೆ. ಪ್ರತಿ ಬಗೆಯಲ್ಲೂ ಮೆಲ್ಲಗೆ, ಮಧ್ಯಮ, ಜೋರು, ಬಲು ಜೋರು ಅಂತ ನಾಲ್ಕು ಹಂತ. ಪ್ರತಿ ಹಂತದಲ್ಲೂ ಐದು ಸಲ ಬಾರಿಸಿಸಬೇಕು. ಅದದೇ ತುಣುಕು ಮತ್ತೆ ಮತ್ತೆ ಕೇಳಿದರೆ ಮಿಷನ್ ಗನ್ ಸದ್ದಿನ ಹಾಗೆ ಇರುತ್ತದೆ, ಅದಕ್ಕೇ ಐದು. ಒಟ್ಟು 80 ಪೆಟ್ಟು.

ಈ 80 ತುಣುಕು ಇದ್ದರಷ್ಟೇ ಸಾಲದು. ಯಾವ ಗುಂಡಿ ಒತ್ತಿದರೆ ಯಾವ ತುಣುಕು, ಎಷ್ಟು ಜೋರಾಗಿ ಒತ್ತಿದರೆ ಯಾವುದು, ಒಂದಾದ ಮೇಲೆ ಯಾವುದು ಅನ್ನುವ ನಕ್ಷೆ ಬೇಕು. ಹಾಗಾಗಿ ವರ್ಚುವಲ್ ವಾದ್ಯ ಅಂದರೆ ಎರಡು ವಸ್ತು: ಸದ್ದು ಮತ್ತು ನಕ್ಷೆ.

ಸದ್ದನ್ನು ವೇವ್ ಫೈಲಿನಲ್ಲಿ ಇಡಬಹುದು. 1991ರಲ್ಲಿ ಬಂದ ಈ ರೂಪ ಇವತ್ತಿಗೂ ಎಲ್ಲ ಕಂಪ್ಯೂಟರಿನಲ್ಲಿ, ಎಲ್ಲ ಫೋನಿನಲ್ಲಿ ತೆರೆಯುತ್ತದೆ. ಜಾಗ ಉಳಿಸಬೇಕೆಂದರೆ ಫ್ಲ್ಯಾಕ್ ಇದೆ. 2001ರಿಂದ ಇರುವ ಮುಕ್ತ ರೂಪ ಇದು, ಒಂದು ಚೂರೂ ಸದ್ದು ಕಳೆಯದೆ ಫೈಲನ್ನು ಚಿಕ್ಕದು ಮಾಡುತ್ತದೆ. ಯಾರಿಗೂ ಲೈಸೆನ್ಸ್ ಹಣ ಕೊಡಬೇಕಿಲ್ಲ. ನಕ್ಷೆಗೆ ಎಸ್‌ಎಫ್‌ಝಡ್ ಅನ್ನುವ ರೂಪ ಇದೆ. ಅದು ಬರೀ ಅಕ್ಷರಗಳ ಫೈಲು. ಈ ಸ್ಯಾಂಪಲ್ ಈ ಗುಂಡಿಗೆ, ಇಷ್ಟು ಜೋರಿನಿಂದ ಇಷ್ಟು ಜೋರಿನವರೆಗೆ ಅಂತ ಸಾಲು ಸಾಲಾಗಿ ಬರೆದಿರುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದು ನೀವೇ ಓದಬಹುದು, ತಿದ್ದಬಹುದು.

ಆದರೆ ಮಾರುಕಟ್ಟೆಯಲ್ಲಿ ಓಡುವುದು ಬೇರೆ. ಸ್ಟುಡಿಯೋಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕಾಂಟ್ಯಾಕ್ಟ್ ಅನ್ನುವ ಸಾಫ್ಟ್‌ವೇರನ್ನೇ ನೋಡಿ. ಅದರ ನಕ್ಷೆ ಎನ್‌ಕೆಐ ಅನ್ನುವ ತನ್ನದೇ ರೂಪದಲ್ಲಿ. ಸದ್ದನ್ನು ಕುಗ್ಗಿಸಿಟ್ಟರೆ ಅದು ಎನ್‌ಸಿಡಬ್ಲ್ಯೂ ಅನ್ನುವ ಇನ್ನೊಂದು ಸ್ವಂತ ರೂಪದಲ್ಲಿ. ಮಾರಾಟದ ಎಷ್ಟೋ ಲೈಬ್ರರಿಗಳಲ್ಲಿ ಎಲ್ಲವನ್ನೂ ಒಂದೇ ದೊಡ್ಡ ಗಂಟು ಕಟ್ಟಿ ಬೀಗ ಜಡಿದಿರುತ್ತಾರೆ. ಕಂಪನಿಯ ಬಿಟ್ಟಿ ಪ್ಲೇಯರಿನಲ್ಲಿ ತೆರೆಯೋಣ ಅಂದರೆ, ಅದಕ್ಕೆ ಅಂತ ಅನುಮತಿ ಪಡೆಯದ ಲೈಬ್ರರಿ 15 ನಿಮಿಷ ನುಡಿದು ನಿಂತುಬಿಡುತ್ತದೆ. ಕೀಬೋರ್ಡ್ ಕಂಪನಿಗಳದ್ದೂ ಇದೇ ಹಾಡು. ಒಬ್ಬರ ಕೀಬೋರ್ಡಿನ ಟೋನ್ ಫೈಲು ಇನ್ನೊಬ್ಬರ ಕೀಬೋರ್ಡಿಗೆ ಹತ್ತುವುದಿಲ್ಲ.

ನಮ್ಮ ಜೋಳ, ಅವರ ಹಗೇವು. ಬಾಯಿ ಮುಚ್ಚಿ ಮೇಲೆ ಕೂತಿರುವವರೂ ಅವರೇ.

ಬೀಗ ಹಾಕಿದವನು ಊರು ಬಿಟ್ಟರೆ?

ಕಂಪನಿ ದೊಡ್ಡದು, ಎಲ್ಲಿಗೂ ಹೋಗುವುದಿಲ್ಲ ಅನ್ನುವವರಿಗೆ ಎರಡು ಕತೆ ಹೇಳುತ್ತೇವೆ.

1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಗಿಗಾಸ್ಯಾಂಪ್ಲರ್ ಅನ್ನುವ ಸಾಫ್ಟ್‌ವೇರ್ ಬಂತು. ಅದಕ್ಕೂ ಮುಂಚೆ ಸ್ಯಾಂಪಲ್ಲುಗಳನ್ನೆಲ್ಲ ಕಂಪ್ಯೂಟರಿನ ಮೆಮೊರಿಯಲ್ಲೇ ಹಿಡಿಸಬೇಕಿತ್ತು. ಇದು ಹಾರ್ಡ್ ಡಿಸ್ಕಿನಿಂದ ನೇರವಾಗಿ ಓದಿ ನುಡಿಸುತ್ತಿತ್ತು. ಹಾಗಾಗಿ ದೊಡ್ಡ ದೊಡ್ಡ ಪಿಯಾನೋ, ಇಡೀ ವಾದ್ಯವೃಂದಗಳ ಸದ್ದು ಅದರ ಗಿಗ್ ರೂಪದಲ್ಲಿ ಬಂದವು. 2001ರಲ್ಲಿ ಟ್ಯಾಸ್ಕ್ಯಾಮ್ ಆ ಕಂಪನಿಯನ್ನು ಕೊಂಡಿತು. 2008ರಲ್ಲಿ ಗಿಗಾಸ್ಟುಡಿಯೋವನ್ನು ನಿಲ್ಲಿಸಿಬಿಟ್ಟಿತು. ದುಡ್ಡು ಕೊಟ್ಟು ಲೈಬ್ರರಿ ಕೊಂಡವರು ಕೈಯಲ್ಲಿ ಡಿಸ್ಕ್ ಹಿಡಿದು ನಿಂತರು. ಆ ಸದ್ದುಗಳು ಪೂರ್ತಿ ಸಾಯದೆ ಉಳಿದದ್ದರಲ್ಲಿ, ಗಿಗ್ ಫೈಲಿನ ಒಳಗನ್ನು ಅರ್ಥ ಮಾಡಿಕೊಂಡು ಅದನ್ನು ಓದುವ ಮುಕ್ತ ಸಾಫ್ಟ್‌ವೇರ್ ಬರೆದ ಲಿನಕ್ಸ್‌ಸ್ಯಾಂಪ್ಲರ್ ಬಳಗದ ಪಾಲು ದೊಡ್ಡದು.

ಎರಡನೆಯದು. 2002ರಲ್ಲಿ ಆ್ಯಪಲ್ ಕಂಪನಿ ಜರ್ಮನಿಯ ಇಮ್ಯಾಜಿಕ್ ಅನ್ನು ಕೊಂಡಿತು. ಲಾಜಿಕ್ ಅನ್ನುವ ಸಂಗೀತದ ಸಾಫ್ಟ್‌ವೇರ್, ಅದರ ಇಎಕ್ಸ್‌ಎಸ್24 ಸ್ಯಾಂಪ್ಲರ್ ಎರಡೂ ಇಮ್ಯಾಜಿಕ್‌ನವು. ಕೊಂಡ ಕೂಡಲೇ ಆ್ಯಪಲ್ ವಿಂಡೋಸ್ ಆವೃತ್ತಿಗೆ ಎಳ್ಳುನೀರು ಬಿಟ್ಟಿತು. ವಿಂಡೋಸ್ ಕಂಪ್ಯೂಟರಿನಲ್ಲಿ ಅದನ್ನೇ ನಂಬಿದ್ದವರಿಗೆ ಉಳಿದದ್ದು ಎರಡೇ ದಾರಿ: ಹೊಸ ಕಂಪ್ಯೂಟರ್ ಕೊಳ್ಳಿ, ಇಲ್ಲವೇ ಹೊಸ ಸಾಫ್ಟ್‌ವೇರ್ ಹುಡುಕಿ.

ಇದಕ್ಕೆ ಎದುರಾಗಿ ಇನ್ನೊಂದು ನೋಡಿ. ಕೇಕ್‌ವಾಕ್ ಅನ್ನುವ ಕಂಪನಿ ತನ್ನ ವಾದ್ಯಗಳಲ್ಲಿ ಎಸ್‌ಎಫ್‌ಝಡ್ ರೂಪವನ್ನು ಬಳಸುತ್ತಿತ್ತು. 2017ರ ನವೆಂಬರಿನಲ್ಲಿ ಅದರ ಒಡೆತನದ ಗಿಬ್ಸನ್, ಕೇಕ್‌ವಾಕ್ ಕೆಲಸ ನಿಲ್ಲಿಸುವುದಾಗಿ ಘೋಷಿಸಿತು. ಆದರೂ ಎಸ್‌ಎಫ್‌ಝಡ್ ಸಾಯಲಿಲ್ಲ. ಬೇರೆ ಬೇರೆಯವರು ಬರೆದ ಪ್ಲೇಯರುಗಳಲ್ಲಿ ಇವತ್ತೂ ನುಡಿಯುತ್ತಿದೆ. ಅಂಗಡಿ ಮುಚ್ಚಿತು, ಬೀಜ ಉಳಿಯಿತು.

ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಟಿ ಬೀಜಕ್ಕೂ ಹೈಬ್ರಿಡ್ ಬೀಜಕ್ಕೂ ಇರುವ ಅಂತರವೇ ಇದು. ಹೈಬ್ರಿಡ್ಡಿನಲ್ಲಿ ಇಳುವರಿ ಬರಬಹುದು, ನಾವು ಬೇಡ ಅನ್ನುವುದಿಲ್ಲ. ಆದರೆ ಮನೆಯ ಬೀಜದ ಮಡಕೆಯನ್ನು ಖಾಲಿ ಮಾಡಿಕೊಂಡು ಅಂಗಡಿಯನ್ನೇ ನಂಬಿದರೆ ಮುಂದಿನ ವರ್ಷ ಬಿತ್ತನೆ ಅಂಗಡಿಯವನ ಕೈಯಲ್ಲಿ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ

ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡ ಟೈಪ್ ಮಾಡಿದವರನ್ನು ಕೇಳಿ. ಶ್ರೀಲಿಪಿ, ಬರಹ, ನುಡಿ ಅಂತ ಒಂದೊಂದು ಬಗೆಯ ಫಾಂಟು, ಅವುಗಳಲ್ಲಿ ಒಂದೊಂದು ಬಗೆಯ ಸಂಕೇತ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪುಸ್ತಕಗಳು, ಪತ್ರಿಕೆಯ ಹಳೆ ಪುಟಗಳು, ಕಚೇರಿಯ ಕಡತಗಳು, ಪಿಎಚ್‌.ಡಿ ಪ್ರಬಂಧಗಳು ಆ ರೂಪದಲ್ಲಿ ಸಿಕ್ಕಿಬಿದ್ದವು. ಪುಣ್ಯಕ್ಕೆ ಯಾವ ಸಂಕೇತಕ್ಕೆ ಯಾವ ಅಕ್ಷರ ಅಂತ ತಿಳಿದವರು ಕನ್ವರ್ಟರುಗಳನ್ನು ಬರೆದರು. ಅದರಿಂದ ಬಹಳಷ್ಟು ಉಳಿಯಿತು. ಈಗಲೂ ಒಂದು ಹಳೆ ಫೈಲನ್ನು ಯೂನಿಕೋಡಿಗೆ ತಂದರೆ ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ.

ಅಕ್ಷರದಲ್ಲಿ ಪಟ್ಟ ಪಾಡನ್ನು ಸದ್ದಿನಲ್ಲೂ ಪಡಬೇಕಾ? ಅಕ್ಷರ ಕೆಟ್ಟರೆ ಮತ್ತೆ ಟೈಪ್ ಮಾಡಬಹುದು. ಚೌಡಿಕೆ ನುಡಿಸುತ್ತಿದ್ದ ಅಜ್ಜಿ ಹೋದ ಮೇಲೆ ಆ ಕೈಯ ಸದ್ದನ್ನು ಮತ್ತೆ ಎಲ್ಲಿಂದ ತರುತ್ತೀರಿ?

ಹಾಗಾದರೆ ಮಾಡುವುದೇನು?

ನೀವೇ ರೆಕಾರ್ಡ್ ಮಾಡಿದ್ದು, ಅಥವಾ ನಿಮ್ಮ ತಂಡಕ್ಕೆ ಹಕ್ಕಿರುವ ಸದ್ದು ಮುಚ್ಚಿದ ರೂಪದಲ್ಲಿದ್ದರೆ ಈಗಲೇ ಹೊರಗೆ ತೆಗೆಯಿರಿ. ಸಾಫ್ಟ್‌ವೇರ್ ತೆರೆಯುತ್ತಿರುವಾಗಲೇ ತೆಗೆಯಬೇಕು. ತೆರೆಯುವುದು ನಿಂತ ಮೇಲೆ ತಲೆ ಚಚ್ಚಿಕೊಂಡರೆ ಬರುವುದಿಲ್ಲ.

ಪೂರ್ತಿ ಆವೃತ್ತಿಯ ಕಾಂಟ್ಯಾಕ್ಟಿನಲ್ಲಿ ನೀವೇ ಕಟ್ಟಿದ ವಾದ್ಯವಾದರೆ, ಸೇವ್ ಮಾಡುವಾಗ ಪ್ಯಾಚ್ ಮತ್ತು ಸ್ಯಾಂಪಲ್ಸ್ ಅನ್ನುವುದನ್ನು ಆರಿಸಿ. ಮಾನೊಲಿತ್ ಬೇಡ, ಕಂಪ್ರೆಸ್ ಗುರುತೂ ಬೇಡ. ಆಗ ನಿಮ್ಮ ವೇವ್ ಫೈಲುಗಳು ವೇವ್ ಆಗಿಯೇ ಒಂದು ಫೋಲ್ಡರಿನಲ್ಲಿ ಕೂರುತ್ತವೆ. ಬೀಗ ಇಲ್ಲದ ನಕ್ಷೆಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರಲು ಕನ್ವರ್ಟ್‌ವಿತ್‌ಮಾಸ್ ಅನ್ನುವ ಬಿಟ್ಟಿ ಸಾಫ್ಟ್‌ವೇರ್ ಇದೆ. ಎಸ್‌ಎಫ್2 ಅನ್ನುವ ಹಳೆಯ ಸೌಂಡ್‌ಫಾಂಟ್ ಫೈಲುಗಳಿಗೆ ಪಾಲಿಫೋನ್ ಇದೆ. ವೇವ್ ಅನ್ನು ಫ್ಲ್ಯಾಕ್ ಮಾಡಲು ಅಡಾಸಿಟಿ ಸಾಕು. ಇವಕ್ಕೆಲ್ಲ ಒಂದು ರೂಪಾಯಿ ಖರ್ಚಿಲ್ಲ.

ಯಾವ ದಾರಿಯೂ ಇಲ್ಲದ ಹಳೆ ಕೀಬೋರ್ಡಿನಲ್ಲಿ ನಿಮ್ಮ ಸದ್ದು ಸಿಕ್ಕಿಕೊಂಡಿದ್ದರೆ ಕೊನೆಯ ಉಪಾಯ ಒಂದಿದೆ. ಒಂದೊಂದೇ ಗುಂಡಿಯನ್ನು ಮೆಲ್ಲಗೆ, ಜೋರಾಗಿ ಒತ್ತುತ್ತ ಔಟ್‌ಪುಟ್ ವೈರಿನಿಂದ ನೇರವಾಗಿ ರೆಕಾರ್ಡ್ ಮಾಡಿಕೊಳ್ಳಿ. ಬೇಸರದ ಕೆಲಸ, ಆದರೆ ಒಂದು ಮಧ್ಯಾಹ್ನದ್ದು.

ನೆನಪಿಡಬೇಕಾದ ಮೂರು ಮಾತು. ಒಂದು, ಎಂಪಿ3 ಮಾಡಿ ಇಡಬೇಡಿ. ಅದು ಸದ್ದಿನ ಒಂದಷ್ಟನ್ನು ಬಿಸಾಡುತ್ತದೆ, ಜೊತೆಗೆ ಫೈಲಿನ ಶುರುವಿನಲ್ಲಿ ಒಂದು ಚೂರು ಖಾಲಿ ಸೇರಿಸುತ್ತದೆ. ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ, ತಮಟೆಯ ಪೆಟ್ಟಿಗಾದರೆ ತಾಳವೇ ಹಿಂದೆ ಬೀಳುತ್ತದೆ. ಎರಡು, ಉದ್ದ ಸ್ವರಗಳನ್ನು ಸುತ್ತಿ ಸುತ್ತಿ ನುಡಿಸುವ ಲೂಪಿನ ಗುರುತು ವೇವ್ ಫೈಲಿನೊಳಗೇ ಇರಬಹುದು. ಫ್ಲ್ಯಾಕ್ ಮಾಡುವಾಗ ಅದು ಬಿದ್ದುಹೋಗುವ ಸಾಧ್ಯತೆ ಇದೆ. ಮೊದಲೇ ಎಸ್‌ಎಫ್‌ಝಡ್ ನಕ್ಷೆಯಲ್ಲಿ ಬರೆದಿಟ್ಟುಕೊಳ್ಳಿ. ಮೂರು, ವಾಟ್ಸ್ಆ್ಯಪಿನ ವಾಯ್ಸ್ ಮೆಸೇಜಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಡಿ, ಅದು ಸದ್ದನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ವೇವ್ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ಜಾಗ ಸಾಲುವುದಿಲ್ಲ ಅನ್ನುವ ನೆಪವೂ ನಡೆಯುವುದಿಲ್ಲ. ಮೇಲೆ ಹೇಳಿದ 80 ಪೆಟ್ಟು, ಒಂದೊಂದು ಮೂರು ಸೆಕೆಂಡು ಅಂದರೆ ಒಟ್ಟು ನಾಲ್ಕು ನಿಮಿಷ. ಎರಡು ಮೈಕಿನಲ್ಲಿ, 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ತೆಗೆದರೂ ಸುಮಾರು 70 ಎಂಬಿ. ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವೇ ಕನಿಷ್ಠ ಇಷ್ಟಾದರೂ ಇರಲಿ ಅಂತ ಹೇಳುವ ಗುಣಮಟ್ಟ ಇದು. ನೀವು ಫೋನಿನಲ್ಲಿ ತೆಗೆಯುವ ತೇರಿನ ವಿಡಿಯೋ ಇದಕ್ಕಿಂತ ದೊಡ್ಡದಿರುತ್ತದೆ.

ಮುಕ್ತ ರೂಪಕ್ಕೆ ತಂದಾಗ ಎಲ್ಲವೂ ಬರುವುದಿಲ್ಲ ಅನ್ನುವುದೂ ನಿಜ. ಕಾಂಟ್ಯಾಕ್ಟಿನೊಳಗೆ ಬರೆದ ಸ್ಕ್ರಿಪ್ಟುಗಳು, ಚಂದದ ಗುಂಡಿ ಚಿತ್ರಗಳು ಅಲ್ಲೇ ಉಳಿಯುತ್ತವೆ. ಚೌಡಿಕೆಯ ತಂತಿಯನ್ನು ಎಳೆದು ಬಿಟ್ಟು ಸ್ವರ ಜಾರಿಸುವುದನ್ನು ಸ್ಕ್ರಿಪ್ಟಿನಲ್ಲಿ ಅನುಕರಿಸಿದ್ದರೆ ಆ ಜಾರು ಬರುವುದಿಲ್ಲ. ಅದಕ್ಕೇ ನಾವು ಹೇಳುವುದು: ಆ ಜಾರನ್ನೂ ಕಲಾವಿದರಿಂದಲೇ ನುಡಿಸಿ, ಬೇರೆಯಾಗಿ ರೆಕಾರ್ಡ್ ಮಾಡಿಡಿ. ಸ್ಕ್ರಿಪ್ಟ್ ಸತ್ತರೂ ಕೈ ಉಳಿಯುತ್ತದೆ.

ಕಳ್ಳತನಕ್ಕೆ ನಾವು ಕುಮ್ಮಕ್ಕು ಕೊಡುತ್ತಿಲ್ಲ

ಇಷ್ಟು ಓದಿ ಯಾರಾದರೂ ದುಡ್ಡಿನ ಲೈಬ್ರರಿಯ ಬೀಗ ಒಡೆದು ಪೆನ್‌ಡ್ರೈವಿನಲ್ಲಿ ಹಂಚಲು ಹೊರಟರೆ, ಅದು ನಮ್ಮ ಮಾತಲ್ಲ. ಇನ್ನೊಬ್ಬರ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿದರೆ, 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 65ಎ ಕಲಮಿನ ಪ್ರಕಾರ 2 ವರ್ಷದವರೆಗೆ ಜೈಲು ಮತ್ತು ದಂಡ. ಲೈಸೆನ್ಸಿನ ಕರಾರು ಬೇರೆ ಇರುತ್ತದೆ. ಅದರಲ್ಲಿ ಸ್ಯಾಂಪಲ್ಲುಗಳನ್ನು ಹೊರತೆಗೆದು ಹಂಚಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಲೈಬ್ರರಿ ಮಾಡಿದವರೂ ದುಡಿದಿದ್ದಾರೆ, ಅವರ ಅನ್ನಕ್ಕೆ ಕಲ್ಲು ಹಾಕುವುದು ಬೇಡ.

ನಮ್ಮ ವಾದ ಬೇರೆ. ಬೀಗ ಬೀಳುವ ಮುಂಚೆಯೇ ಒಂದು ಪ್ರತಿ ಹೊರಗಿರಲಿ ಅನ್ನುವುದು ನಮ್ಮ ವಾದ.

ಇದಕ್ಕೆ ಸ್ಟುಡಿಯೋದವರು ಕೊಡುವ ಉತ್ತರ ಗೊತ್ತಿದೆ. ಮುಕ್ತ ರೂಪದಲ್ಲಿ ಕೊಟ್ಟರೆ ಯಾರು ಬೇಕಾದರೂ ಕದಿಯುತ್ತಾರೆ ಅನ್ನುತ್ತಾರೆ. ಸ್ವಾಮಿ, ಕದಿಯುವವರು ಬೀಗ ಹಾಕಿದ್ದನ್ನೂ ಕದಿಯುತ್ತಾರೆ. ದುಬಾರಿ ಲೈಬ್ರರಿಗಳ ಒಡೆದ ಪ್ರತಿಗಳು ಊರೂರು ಸುತ್ತುತ್ತಿರುವುದು ನಿಮಗೂ ಗೊತ್ತು. ಬೀಗದಿಂದ ಕಷ್ಟಪಡುವವನು ಕಳ್ಳನಲ್ಲ, ದುಡ್ಡು ಕೊಟ್ಟು ಕೊಂಡವನು. ಐದು ವರ್ಷದ ನಂತರ ಹೊಸ ಕಂಪ್ಯೂಟರ್ ಕೊಂಡು, ಹಳೆಯದನ್ನು ತೆರೆಯಲಾಗದೆ ಕೂರುವವನೂ ಅವನೇ. ಇನ್ನು ಕಲಾವಿದರ ಪಾಲಿಗೆ ಕಾವಲು ಇರುವುದು ಫೈಲಿನ ಬೀಗದಲ್ಲಲ್ಲ, ಕಾಗದದ ಮೇಲಿನ ಕರಾರಿನಲ್ಲಿ.

ಬಾರಿಸಿದವರಿಗೆ ಏನು ಸಿಕ್ಕಿತು?

ಇಲ್ಲಿಗೆ ಬಂದಾಗ ಸಿಟ್ಟು ಬರುತ್ತದೆ. ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ, ಜೋಗತಿ ಕಲೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಊರಿನ ಸಾಮಾನ್ಯ ತಮಟೆಯವರನ್ನು ಒಂದು ದಿನ ಕರೆದೊಯ್ದು, ನೂರಾರು ಪೆಟ್ಟು ಬಾರಿಸಿಸಿಕೊಂಡು, ಒಂದು ದಿನದ ಕೂಲಿ ಕೊಟ್ಟು ಬಸ್ಸು ಹತ್ತಿಸಿದರೆ ಅದಕ್ಕೆ ಏನನ್ನಬೇಕು? ಚರ್ಮವನ್ನು ಬೆಂಕಿಗೆ ಹಿಡಿದು ಹದ ಮಾಡುವುದರಿಂದ ಹಿಡಿದು ಗಟ್ಟಿ ಕೋಲು, ತೆಳು ಕೋಲಿನ ಲೆಕ್ಕದವರೆಗೆ ಎಲ್ಲ ವಿದ್ಯೆ ಅವರದು. ಸದ್ದು ಡಬ್ಬಿಗೆ ಹೋದ ಮೇಲೆ ಅವರಿಗೆ ಅದರ ಒಂದು ಪ್ರತಿಯೂ ಇಲ್ಲ. ಕೊಟ್ಟರೂ ತೆರೆಯಲು ಬೇಕಾದ ಸಾಫ್ಟ್‌ವೇರ್ ಅವರ ಒಂದು ಸುಗ್ಗಿಯ ದುಡಿಮೆ ನುಂಗುತ್ತದೆ.

ಕಾನೂನು ಕಲಾವಿದರ ಕಡೆ ಇದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕ ಅಂದರೆ ಯಾರು ಅಂತ ಬರೆದ ಕಡೆ ಹಾಡುಗಾರ, ವಾದ್ಯಗಾರ, ಕುಣಿಯುವವರ ಜೊತೆ ದೊಂಬರಾಟದವರೂ ಇದ್ದಾರೆ, ಹಾವಾಡಿಗರೂ ಇದ್ದಾರೆ. ತಮ್ಮ ಪ್ರದರ್ಶನದ ಮೇಲೆ ಇವರಿಗೆಲ್ಲ 50 ವರ್ಷ ಹಕ್ಕಿದೆ. ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವ ಹಾಗಿಲ್ಲ. ಹಕ್ಕನ್ನು ಬರೆದುಕೊಡುವುದಾದರೆ ಅದು ಸಹಿ ಮಾಡಿದ ಕಾಗದದಲ್ಲೇ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆ ಹೇಳುತ್ತದೆ. ಹಾಗಾಗಿ ಇಂಗ್ಲಿಷ್ ಕಾಗದ ಮುಂದೆ ಹಿಡಿದು ಇಲ್ಲೊಂದು ಸಹಿ ಹಾಕಿ ಯಜಮಾನ್ರೇ ಅಂದರೆ, ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತಬೇಡಿ.

ನಮ್ಮ ಬೇಡಿಕೆ

ಬರೀ ಬೈದು ಹೋದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆದ್ದರಿಂದ ಯಾರು ಏನು ಮಾಡಬೇಕು ಅಂತ ಬಿಡಿಸಿ ಹೇಳುತ್ತೇವೆ.

ಸರ್ಕಾರದ ದುಡ್ಡಿನಲ್ಲಿ ಜನಪದ ವಾದ್ಯಗಳ ದಾಖಲೀಕರಣ ಮಾಡುವಾಗ ಒಂದು ಷರತ್ತು ಇರಲೇಬೇಕು: ಮೂಲ ಸದ್ದು ವೇವ್ ಅಥವಾ ಫ್ಲ್ಯಾಕ್‌ನಲ್ಲಿ, ನಕ್ಷೆ ಇದ್ದರೆ ಎಸ್‌ಎಫ್‌ಝಡ್‌ನಲ್ಲಿ ಸಲ್ಲಿಸದೆ ಕೊನೆಯ ಕಂತು ಬಿಡುಗಡೆ ಇಲ್ಲ. ಕರ್ನಾಟಕ ಜಾನಪದ ಅಕಾಡೆಮಿ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಂಥ ನಿಯಮಕ್ಕೆ ಮೇಲ್ಪಂಕ್ತಿ ಹಾಕಬಹುದು. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಜನಪದವನ್ನು ಒಟ್ಟು ಮಾಡಿದ ನಾಡು ಇದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಟೆಂಡರಿನಲ್ಲಿ ಎರಡು ಸಾಲು ಸಾಕು.

ಲೈಬ್ರರಿ ಮಾಡುವ ಸ್ಟುಡಿಯೋದವರೇ, ನಿಮ್ಮ ಉತ್ಪನ್ನವನ್ನು ಯಾವ ರೂಪದಲ್ಲಾದರೂ ಮಾರಿಕೊಳ್ಳಿ. ಬಾರಿಸಿದವರಿಗೆ ಮಾತ್ರ ಮೂಲ ವೇವ್ ಫೈಲುಗಳ ಒಂದು ಪೂರ್ತಿ ಪ್ರತಿ ಕೊಡಿ. ಹೆಸರು ಹಾಕಿ, ಊರು ಹಾಕಿ, ಮಾರಾಟದಲ್ಲಿ ಪಾಲು ಕೊಡಿ.

ರಸಮಂಜರಿಯ ಹುಡುಗರೇ, ನಿಮ್ಮ ತಂಡದ ಸದ್ದು ಒಂದೇ ಕೀಬೋರ್ಡಿನ ಹೊಟ್ಟೆಯಲ್ಲಿ ಇರಬಾರದು. ಎರಡು ಕಡೆ ವೇವ್ ಪ್ರತಿ ಇಡಿ.

ಕಲಾ ತಂಡದ ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಯಾರೇ ಮೈಕ್ ಹಿಡಿದು ಬಂದರೂ ಮೊದಲು ಮೂರು ಪ್ರಶ್ನೆ ಕೇಳಿ. ಇದು ಯಾವ ಫೈಲಿನಲ್ಲಿ ಉಳಿಯುತ್ತೆ? ನನಗೊಂದು ಪ್ರತಿ ಯಾವಾಗ ಕೊಡ್ತೀರಿ? ಅದು ನನ್ನ ಮೊಮ್ಮಗನ ಫೋನಿನಲ್ಲಿ ತೆರೆಯುತ್ತಾ?

ಮೂರನೆಯದಕ್ಕೆ ಉತ್ತರ ಇಲ್ಲ ಅಂತ ಬಂದರೆ, ಡೊಳ್ಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆಯಿರಿ. ಕೊಡುವವರು ಹಿಂದೆಯೇ ಬರುತ್ತಾರೆ.